ಮದಲಿಂಗನಿಗೆ ತಡವಾಯಿತು

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಫ್ಲಾಟಿನಲ್ಲಿ ತಲೆಸ್ನಾನ ಮುಗಿಸಿ, ಒದ್ದೆ ಕೂದಲಲ್ಲೇ ಆಟೋ ಹತ್ತಿ, ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹಿಡಿದು, ಐದೂವರೆ ತಾಸು ಕಿಟಕಿಯ ಬಿಸಿಗಾಳಿ ಕುಡಿದು ಅರ್ಪಿತಾ ವಿಜಯವಾಡಕ್ಕೆ ಬಂದಿಳಿದಿದ್ದಳು. ಅವಳನ್ನು ಮದುವೆಯಾಗಬೇಕಾದವನು ಬರಬೇಕಿದ್ದದ್ದು ಕೊಂಡಪಲ್ಲಿಯಿಂದ. ಇಪ್ಪತ್ತು ಕಿಲೋಮೀಟರ್. ಅವನು ಬಂದಿರಲಿಲ್ಲ.

ಒನ್ ಟೌನ್ ಬಡಾವಣೆಯ ಹಳೆಯ ಚರ್ಚಿನ ಪಕ್ಕದ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಅವಳ ಎದುರಿಗೆ ಕೂತಿದ್ದವರು ಸಭಾಪಾಲಕ ಬಾಲಚಂದ್ರ. ಅರವತ್ತರ ಆಸುಪಾಸಿನ ತೆಲುಗಿನವರು. ಯೌವನದಲ್ಲಿ ನಾಲ್ಕು ವರ್ಷ ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿದ್ದರಿಂದ ಹಾಸ್ಟೆಲ್ಲಿನಲ್ಲಿ ಕಲಿತ ಕನ್ನಡ ಅವರಿಗಿತ್ತು. ಅದನ್ನು ಬಳಸಲು ಇಷ್ಟು ವರ್ಷಕ್ಕೆ ಒಂದು ಅವಕಾಶ ಸಿಕ್ಕಿತೆಂದು ಖುಷಿಯೂ ಇತ್ತು. ಮೂರು ಪಾಠ ಕೇಳದೆ ಅವರ ಸಭೆಯಲ್ಲಿ ಯಾರಿಗೂ ಮದುವೆ ಇಲ್ಲ. ಅರ್ಪಿತಾ ಬ್ಯಾಂಕ್ ಆಫೀಸರ್ ಆದ್ದರಿಂದ, ಬ್ಯಾಂಕಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮಧ್ಯಾಹ್ನ ಒಂದು ಗಂಟೆ ಎಂದು ಗೊತ್ತುಮಾಡಿದ್ದರು.

ಒಂದೂವರೆಯಾಯಿತು. ಪಾದ್ರಿಗಳು ಗಡಿಯಾರ ನೋಡಿ ನಕ್ಕರು. ಮದಲಿಂಗನಿಗೆ ತಡವಾದಾಗ ಹತ್ತು ಕನ್ಯೆಯರು ದೀಪ ಹಿಡಿದು ಕಾದ ಕಥೆ ಗೊತ್ತಲ್ಲ, ಬುದ್ಧಿವಂತೆಯರು ಎಣ್ಣೆ ಜಾಸ್ತಿ ತಂದಿದ್ದರು, ನೀವು ತಂದಿದ್ದೀರಾ ಎಂದು ಕೇಳಿದರು. ಡಬ್ಬಿಯಲ್ಲಿ ನಾಲ್ಕು ಇಡ್ಲಿ ತಂದಿದ್ದೆ, ತುನಿ ಸ್ಟೇಷನ್ ದಾಟುವಷ್ಟರಲ್ಲಿ ಮುಗಿದವು ಎಂದಳು ಅರ್ಪಿತಾ. ಅವರು ಇನ್ನಷ್ಟು ನಕ್ಕರು. ಅವಳಿಗೆ ನಗು ಬರಲಿಲ್ಲ.

ಎರಡು ಗಂಟೆಗೆ, ಇನ್ನು ಕಾಯುವುದು ಬೇಡವೆಂದು, ಅವರು ವರನಿಲ್ಲದೆಯೇ ಪಾಠ ಶುರುಮಾಡಿದರು. ದೇವರು ಒಂದು ಜನಾಂಗವನ್ನು ಮರುಭೂಮಿಯಲ್ಲಿ ಕಂಡು, ಕೈಹಿಡಿದು, ಹೆಂಡತಿಯಾಗಿ ಸ್ವೀಕರಿಸಿದ್ದು. ಅವಳು ಅವನನ್ನು ಮರೆತು ಬೇರೆಯವರ ಹಿಂದೆ ಹೋದದ್ದು. ಅವನು ಬಿಡದೆ ಮತ್ತೆ ಮತ್ತೆ ಕರೆದದ್ದು. ಬಿಟ್ಟುಹೋದ ಹೆಂಡತಿಯನ್ನು ಮನೆಗೆ ಕರೆತಂದು ಜನರಿಗೆ ಅದನ್ನೇ ತೋರಿಸಿಕೊಟ್ಟ ಒಬ್ಬ ಪ್ರವಾದಿಯ ಕಥೆ. ಆದ್ದರಿಂದ ಮದುವೆಯಲ್ಲಿ ಗಂಡ ದೇವರ ಪ್ರೀತಿಯ ಚಿತ್ರ, ಹೆಂಡತಿ ದೇವಜನರ ಚಿತ್ರ.

ಅರ್ಪಿತಾ ಹುಟ್ಟಿ ಬೆಳೆದದ್ದು ಗದಗಿನ ಬೆಟಗೇರಿಯಲ್ಲಿ, ಮಿಷನ್ ಕಾಂಪೌಂಡಿನ ಪಕ್ಕ. ಈ ಕಥೆಯನ್ನು ಅವಳು ಸಂಡೇ ಸ್ಕೂಲಿನ ಚಾಪೆಯ ಮೇಲೆ ಕೂತು ಕೇಳಿದ್ದಳು, ಅಕ್ಕಂದಿರ ಮದುವೆಗಳಲ್ಲಿ ಕೇಳಿದ್ದಳು. ಒಬ್ಬಳೇ ಕೂತು, ಖಾಲಿ ಕುರ್ಚಿಯ ಪಕ್ಕದಲ್ಲಿ, ಗಂಡ ದೇವರಂತೆ ಎಂದು ಕೇಳಿಸಿಕೊಂಡದ್ದು ಮಾತ್ರ ಇದೇ ಮೊದಲು.

ಪಾದ್ರಿಗಳ ಹೆಂಡತಿ ಸೂರ್ಯಕಾಂತಮ್ಮ ಮಜ್ಜಿಗೆಯ ಲೋಟ ತಂದಿಟ್ಟು, ಖಾಲಿ ಕುರ್ಚಿಯನ್ನೂ ಅವಳ ಮುಖವನ್ನೂ ನೋಡಿ, ಒಳಗೆ ಹೋದರು.

ಶಶಾಂಕ್ ಬಂದಾಗ ಎರಡು ನಲವತ್ತು. ಅಂಗಿಯ ಕಾಲರಿನಲ್ಲಿ ಬೂದಿ, ಹಣೆಯಲ್ಲಿ ಬೆವರು. ಅವನು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಎಂಜಿನಿಯರ್. ಬೆಳಗಿನ ಜಾವ ಒಂದು ಯೂನಿಟ್ ನಿಂತುಹೋಯಿತಂತೆ, ಕಂಟ್ರೋಲ್ ರೂಮಿನೊಳಗೆ ಫೋನ್ ಬಿಡುವುದಿಲ್ಲವಂತೆ. ಹೇಳುತ್ತ ಹೇಳುತ್ತ ಪಾದ್ರಿಗಳಿಗೆ ಕೈಮುಗಿದ, ಸೂರ್ಯಕಾಂತಮ್ಮನವರಿಗೆ ಕೈಮುಗಿದ, ಗಾಬರಿಯಲ್ಲಿ ಅರ್ಪಿತಾಳಿಗೂ ಕೈಮುಗಿದ.

"ಕೋಪಂಗಾ ಇದ್ದೀರಾ, ಅರ್ಪಿತಾಗಾರು?"

ಅವನ ಕನ್ನಡ ಹಾಗೆಯೇ. ಅವನ ತಂದೆ ಮೈಸೂರಿನ ಕಡೆಯಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದು ಇಲ್ಲೇ ನಿಂತವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ತಾಯಿ-ಮಗನ ನಡುವೆ ಊಟಕ್ಕೆ ಕರೆಯುವಷ್ಟು, ಮಾತ್ರೆ ನುಂಗಿದೆಯಾ ಎನ್ನುವಷ್ಟು ಉಳಿದಿತ್ತು. ತಾಯಿಗೆ ಮಂಡಿಯ ಆಪರೇಷನ್ ಆಗಿದ್ದರಿಂದಲೇ ಮದುವೆ ವಿಜಯವಾಡದಲ್ಲಿ ಎಂದಾದದ್ದು.

"ಕೋಪ ಅಲ್ರೀ," ಎಂದಳು ಅರ್ಪಿತಾ. "ಹಸಿವಿ."

ಸುಳ್ಳು. ಎರಡೂ ಇತ್ತು.

ಹುಬ್ಬಳ್ಳಿಯ ಅತ್ತೆಯೊಬ್ಬರು ಈ ಸಂಬಂಧ ನೋಡಿ, ಜನವರಿಯಲ್ಲಿ ಇಬ್ಬರೂ ವಿಶಾಖಪಟ್ಟಣದ ಬೀಚಿನಲ್ಲಿ ಭೇಟಿಯಾದಾಗ ಅವಳಿಗೆ ಸಿಟ್ಟು ಬಂದಿರಲಿಲ್ಲ. ಅವತ್ತು ಅವನು ಕಾಗದದ ಪೊಟ್ಟಣದಲ್ಲಿ ಮಂಡಕ್ಕಿಯ ಮುರಿ ಮಿಕ್ಸ್ಚರ್ ತಂದುಕೊಟ್ಟು, ಅವಳ ಧಾರವಾಡದ ಕಡೆಯ ಮಾತನ್ನು ಒಂದೊಂದಾಗಿ ಬಾಯಿಪಾಠ ಮಾಡಿಕೊಂಡಿದ್ದ. 'ಹೌದಲ್ರೀ' ಎನ್ನಲು ಹೋಗಿ 'ಹೌದಲ್ಲಂಡಿ' ಅಂದಿದ್ದ. ಅವಳು ನಕ್ಕಾಗ, ನೋಡುತ್ತಿದ್ದಾನೆ ಎಂದು ಅವಳಿಗೆ ಸಂಕೋಚವಾಗದಿರಲೆಂದು ಮುಖ ಸಮುದ್ರದ ಕಡೆ ತಿರುಗಿಸಿದ್ದ. ಕಿವಿ ಮಾತ್ರ ಅವಳ ಕಡೆಗೇ ಇತ್ತು, ಕೆಂಪಗೆ. ಆ ಕಿವಿಯನ್ನು ನೋಡಿಯೇ ಅವಳು ಅವ್ವನಿಗೆ ಫೋನ್ ಮಾಡಿ ಒಪ್ಪಿಗೆ ಅಂದದ್ದು.

ಆಮೇಲೆ ಗೊತ್ತಾಯಿತು, ಈ ಮನುಷ್ಯ ಎಲ್ಲರಿಗೂ ಆಗುತ್ತಾನೆ ಎಂದು. ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರ್, ಗೆಳೆಯನ ತಂಗಿಯ ಹಾಸ್ಟೆಲ್, ಚರ್ಚಿನ ಮೈಕ್. ಫೋನ್ ಮಾಡುತ್ತೇನೆ ಅಂದ ಹೊತ್ತಿಗೆ ಫೋನ್ ಬರುತ್ತಿರಲಿಲ್ಲ. ಬಂದಾಗ ಇಷ್ಟು ಪ್ರೀತಿಯಿಂದ ಮಾತಾಡುತ್ತಿದ್ದ ಎಂದರೆ, ಬೈಯಬೇಕೆಂದು ಕಟ್ಟಿಟ್ಟುಕೊಂಡ ಮಾತೆಲ್ಲ ಮರೆತುಹೋಗಿ, ಫೋನ್ ಇಟ್ಟ ಮೇಲೆ ನೆನಪಾಗಿ ಅವಳು ದಿಂಬಿಗೆ ಗುದ್ದುತ್ತಿದ್ದಳು.

ಅವತ್ತೂ ಅದೇ ಆಯಿತು. ಸ್ಟೇಷನ್ನಿನವರೆಗೆ ಅವನು ಅವಳ ಬ್ಯಾಗ್ ಹೊತ್ತು ನಡೆದ. ಸಗಟು ಬಟ್ಟೆ ಅಂಗಡಿಗಳ ಗಲ್ಲಿಯಲ್ಲಿ ಕೈಗಾಡಿ ಬಂದಾಗಲೆಲ್ಲ ಅವಳನ್ನು ಮುಟ್ಟದೆ, ತಾನೇ ನಡುವೆ ನಿಂತು ಜಾಗ ಮಾಡಿಕೊಟ್ಟ. ರೈಲು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿ, ಮುಂದಿನ ಸಲ ನಾನೇ ಮೊದಲು ಬಂದಿರುತ್ತೇನೆ ಎಂದ. ರಾಜಮಂಡ್ರಿಯ ಸೇತುವೆ ಬರುವ ಹೊತ್ತಿಗೆ ಅರ್ಪಿತಾ ತನ್ನಷ್ಟಕ್ಕೆ ನಗುತ್ತಿದ್ದಳು. ನಗುತ್ತಿದ್ದೇನೆಂದು ಗೊತ್ತಾದ ಕೂಡಲೇ ಅದಕ್ಕೂ ಸಿಟ್ಟು ಬಂತು.

ಪಾದ್ರಿಗಳು ಮನೆಪಾಠ ಕೊಟ್ಟಿದ್ದರು. ದೇವರು ಗಂಡ, ಜನ ಹೆಂಡತಿ ಎಂಬ ಚಿತ್ರ ನಿಮ್ಮ ಮನೆಯಲ್ಲಿ ಹೇಗೆ ಕಾಣುತ್ತದೆ? ಇಬ್ಬರೂ ಒಂದೊಂದು ಪುಟ ಬರೆದು ತನ್ನಿ.

ನಾಲ್ಕನೆಯ ಶನಿವಾರ ಶಶಾಂಕ್ ನಿಜವಾಗಿಯೂ ಮೊದಲೇ ಬಂದು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೈಪ್ ಮಾಡಿದ ಪುಟ. ಅವಳನ್ನು ಕಂಡು ಎದ್ದು ನಿಂತು, ಗಡಿಯಾರ ತೋರಿಸಿ, ಹುಬ್ಬು ಹಾರಿಸಿದ. ಅವಳು ನೋಡದವಳಂತೆ ಕೂತಳು, ತುಟಿ ಕಚ್ಚಿಕೊಂಡು. ಆ ನಗುವನ್ನು ಅವನು ನೋಡಿಬಿಟ್ಟಿದ್ದ.

ಅವನ ಪುಟವನ್ನು ಅವನೇ ಓದಿದ. ಇಂಗ್ಲಿಷಿನಲ್ಲಿತ್ತು, ತುಂಬ ಚೆನ್ನಾಗಿತ್ತು. ತಾನು ದೇವರಂತೆ ಬಿಡದೆ ಪ್ರೀತಿಸುವುದಾಗಿ, ಅವಳು ತಪ್ಪಿದರೂ ಕ್ಷಮಿಸಿ ಸ್ವೀಕರಿಸುವುದಾಗಿ, ಮನೆಯ ತಲೆಯಾಗಿ ದೀನನಾಗಿ ನಡೆಯುವುದಾಗಿ ಬರೆದಿತ್ತು. ಪಾದ್ರಿಗಳು ಕಣ್ಣುಮುಚ್ಚಿ ಕೇಳಿದರು. ಅರ್ಪಿತಾ ಕಣ್ಣು ತೆರೆದುಕೊಂಡೇ ಕೇಳಿದಳು. ತಾನು ತಪ್ಪಿದರೆ ಎಂಬ ಮಾತು ಎಲ್ಲಿಂದ ಬಂತು ಎಂದು ಅವಳಿಗೆ ಅರ್ಥವಾಗಲಿಲ್ಲ. ಎರಡು ವಾರದ ಹಿಂದೆ ಒಂದು ತಾಸು ನಲವತ್ತು ನಿಮಿಷ ಈ ಫ್ಯಾನಿನ ಕೆಳಗೆ ಕೂತವರು ಯಾರು?

ಅವಳ ಪುಟದಲ್ಲಿ ಇದ್ದದ್ದು ಕೆಲವೇ ಸಾಲು. ಅವಳಿಗೆ ಒಂಬತ್ತು ವರ್ಷವಾದಾಗ ಅಪ್ಪ ಇನ್ನೊಬ್ಬಳ ಜೊತೆ ಸೊಲ್ಲಾಪುರಕ್ಕೆ ಹೋದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವ್ವ ಕಾದಳು. ಅಪ್ಪ ತಿರುಗಿ ಬಂದರು, ಅವ್ವ ಒಳಗೆ ಕರೆದಳು. ಮತ್ತೆ ಹೋದರು, ಮತ್ತೆ ಬಂದರು, ಮತ್ತೆ ಕರೆದಳು. ಸಭೆಯವರೆಲ್ಲ ಅವ್ವನನ್ನು ಹೊಗಳಿದರು, ಅಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಕೊನೆಯ ಸಾಲುಗಳನ್ನು ಅವಳು ತಲೆ ಎತ್ತಿ ಓದಿದಳು.

"ನಮ್ಮ ಮನೆಯಲ್ಲಿ ದೇವರ ಕೆಲಸ ಮಾಡಿದ್ದು ಹೆಂಡತಿ. ಬಿಟ್ಟುಹೋದ ಜನದ ಕೆಲಸ ಮಾಡಿದ್ದು ಗಂಡ. ಹಾಗಿದ್ದರೂ ಮನೆಯ ತಲೆ ಅಪ್ಪನೇ ಆಗಿದ್ದರು."

ಬಾಲಚಂದ್ರ ಅವರು ಕನ್ನಡಕ ತೆಗೆದು ಒರೆಸಿದರು. ಮೂವತ್ತು ವರ್ಷದಿಂದ ಈ ಪಾಠ ಹೇಳುತ್ತಿದ್ದೇನೆ, ಹೀಗೆ ಯಾರೂ ಓದಿರಲಿಲ್ಲ ಎಂದರು. ಮಾತು ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ಅವರು ಬಿಟ್ಟರು, ಶಶಾಂಕ್ ಬಿಡಲಿಲ್ಲ. ಅವನ ಕಣ್ಣು ತುಂಬಿತ್ತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಅವನ ಮನಸ್ಸು ಒದ್ದಾಡುತ್ತಿತ್ತು. ಹೇಳಿದ.

"ನಿಮ್ಮ ಅಮ್ಮಗಾರು ಎಷ್ಟು ದೊಡ್ಡ ಮನಸ್ಸಿನವರು. ನೀವೂ ಅವರ ಹಾಗೇನೇ ಕದಾ. ನಾನು ಎಷ್ಟು ತಡ ಮಾಡಿದ್ರೂ ನೀವು ಕಾಯ್ತೀರಿ. ಅದಕ್ಕೇ ನಂಗೆ ನಿಮ್ಮ ಮೇಲೆ ಅಷ್ಟು ನಂಬಿಕೆ."

ಅರ್ಪಿತಾ ನೋಟ್‌ಬುಕ್ ಮುಚ್ಚಿದಳು. ಪೆನ್ನನ್ನು ಬ್ಯಾಗಿನಲ್ಲಿಟ್ಟು ಜಿಪ್ ಎಳೆದಳು. ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು, ಅದನ್ನು ಎಳೆಯುತ್ತಲೇ, ಅವನ ಮುಖ ನೋಡದೆ ಅಂದಳು, "ನನಗ ಈ ಮದುವಿ ಬ್ಯಾಡ್ರೀ."

ಮೂರು ಭಾನುವಾರ ಓದಬೇಕಾದ ಮದುವೆಯ ಪ್ರಕಟಣೆಯನ್ನು ಸಭೆಯಲ್ಲಿ ಆಗಲೇ ಎರಡು ಸಲ ಓದಿಯಾಗಿತ್ತು. ಮೂರನೆಯದನ್ನು ಓದಬೇಡಿರೆಂದು ಪಾದ್ರಿಗಳಿಗೆ ಹೇಳಿ ಅವಳು ಹೊರಟಳು. ಶಶಾಂಕ್ ಎದ್ದು ಹಿಂದೆ ಬರಲು ಹೋದಾಗ ಅವನನ್ನು ತಡೆದದ್ದು ಬಾಗಿಲಲ್ಲಿ ನಿಂತಿದ್ದ ಸೂರ್ಯಕಾಂತಮ್ಮ. ಈಗ ಹೋಗಿ ಇನ್ನೂ ನಾಲ್ಕು ಒಳ್ಳೆಯ ಮಾತು ಹೇಳಬೇಡಪ್ಪ, ಕೂತುಕೋ ಎಂದರಂತೆ. ಇದು ಅರ್ಪಿತಾಳಿಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ಆಮೇಲಿನ ಹತ್ತು ದಿನ ಅವಳಿಗೆ ಎಲ್ಲದರ ಮೇಲೂ ಸಿಟ್ಟು. ಗಾಜುವಾಕದ ಧೂಳಿನ ಮೇಲೆ, ಸ್ಟೀಲ್ ಪ್ಲಾಂಟಿನ ಶಿಫ್ಟ್ ಬಸ್ಸುಗಳ ಹಾರ್ನಿನ ಮೇಲೆ, ಬ್ರಾಂಚಿನ ಪ್ರಿಂಟರಿನ ಮೇಲೆ. ಪಕ್ಕದ ಕೌಂಟರಿನ ಅಖಿಲಾ ಮದುವೆ ಸೀರೆ ಯಾವ ಬಣ್ಣ ಎಂದು ಕೇಳಿದಾಗ ಅವಳ ಮೇಲೆ. ಶಶಾಂಕ್‌ನ ಫೋನಿಗೆ ಅವಳು ಉತ್ತರಿಸಲಿಲ್ಲ. ಮೂರು ದಿನವಾದ ಮೇಲೆ ಅವನು ಮಾಡುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದಕ್ಕೆ ಹೆಚ್ಚು ಸಿಟ್ಟು ಬಂತು. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಯಾರೋ 'ಗಾರು' ಎಂದು ಕರೆದದ್ದು ಕೇಳಿಸಿತು. ತಿರುಗಿ ನೋಡಿದರೆ ಬಾಳೆಹಣ್ಣು ಮಾರುವವ ಇನ್ಯಾರನ್ನೋ ಕರೆಯುತ್ತಿದ್ದ. ಒಂದು ಡಜನ್ ಹಣ್ಣು ಸುಮ್ಮಸುಮ್ಮನೆ ಕೊಂಡುಕೊಂಡು ಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವ್ವ ಬೈಯುತ್ತಾಳೆ, ಕ್ಷಮಿಸು ಅನ್ನುತ್ತಾಳೆ ಎಂದುಕೊಂಡಿದ್ದಳು. ಅವ್ವ ಇದುವರೆಗೆ ಹೇಳಿರದ ಒಂದು ಸಂಗತಿ ಹೇಳಿದಳು. ಅಪ್ಪ ಮೂರನೆಯ ಸಲ ಬಿಟ್ಟುಹೋದ ಮೇಲೂ ತಿರುಗಿ ಬಂದಿದ್ದರಂತೆ. ಅರ್ಪಿತಾ ಆಗ ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಬಾಗಿಲು ತಟ್ಟಿದರಂತೆ, ಹೆಸರು ಹಿಡಿದು ಕರೆದರಂತೆ.

"ನಾ ಬಾಗ್ಲಾ ತೆಗೀಲಿಲ್ಲ," ಎಂದಳು ಅವ್ವ. "ಸಿಟ್ಟಿಗೆ ಅಲ್ಲ ಮತ್ತ. ಸಿಟ್ಟೇ ಇರಲಿಲ್ಲ ಅವತ್ತ. ಸಾರಿಗೆ ಒಗ್ಗರಣಿ ಹಾಕಾಕತ್ತಿದ್ದೆ, ಹಾಕಿದೆ. ಅವಾಗ ತಿಳೀತು, ನನ್ನೊಳಗ ಮುಗದೈತಿ ಅಂತ."

ಇಪ್ಪತ್ತು ವರ್ಷದಿಂದ ಅವ್ವನನ್ನು ಕಾಯುವವಳೆಂದೇ ಅರ್ಪಿತಾ ತಿಳಿದುಕೊಂಡಿದ್ದಳು. ಸಭೆಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅವರಿಗೆ ಯಾಕೆ ಹೇಳಲಿ, ಅವರೇನು ಬಾಗಿಲ ಹತ್ತಿರ ನಿಂತಿದ್ದರೇ ಎಂದಳು ಅವ್ವ. ದೇವರು ಹೆಂಡತಿಯನ್ನು ತಿರುಗಿ ಕರೆದದ್ದನ್ನು ಎಲ್ಲರೂ ಚರ್ಚಿನ ಪ್ರಸಂಗದಲ್ಲಿ ಹೇಳುತ್ತಾರೆ. ಅದಕ್ಕೂ ಮೊದಲು ಪುಟಗಟ್ಟಲೆ ಬೈದು ಹಾಕಿದ್ದನ್ನು ಒಬ್ಬ ಪಾದ್ರಿಯೂ ಓದುವುದಿಲ್ಲ ಎಂದೂ ಅಂದಳು. ಕೊನೆಗೆ ಕೇಳಿದಳು, "ಆ ಹುಡುಗನ ಮ್ಯಾಲೆ ನಿನಗ ಇನ್ನೂ ಸಿಟ್ಟು ಐತೇನು?"

"ಭಾಳ ಐತಿ."

"ಹಂಗಾರ ನೀನ ವಿಚಾರ ಮಾಡು," ಎಂದು ಅವ್ವ ಫೋನ್ ಇಟ್ಟಳು. ಒಲೆಯ ಮೇಲೆ ಹಾಲಿತ್ತಂತೆ.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅರ್ಪಿತಾ ತಲೆ ಎತ್ತಿದಾಗ, ಗಾಜಿನ ಆಚೆ, ಗ್ರಾಹಕರ ಕುರ್ಚಿಗಳ ಮೂರನೆಯ ಸಾಲಿನಲ್ಲಿ, ಒಬ್ಬ ಅಜ್ಜಿ ಮತ್ತು ಇಬ್ಬರು ಸ್ಟೀಲ್ ಪ್ಲಾಂಟಿನವರ ನಡುವೆ, ಶಶಾಂಕ್ ಕೂತಿದ್ದ. ಕೈಯಲ್ಲಿ ಟೋಕನ್. ಕಣ್ಣು ಕೆಂಪಗಿದ್ದವು, ರಾತ್ರಿಯ ರೈಲು ಹತ್ತಿ ನಿಂತೇ ಬಂದಿದ್ದನಂತೆ. ಅವಳು ನೋಡಿದಳೆಂದು ತಿಳಿದು ಅರ್ಧ ಎದ್ದ. ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಅವನು ಕೂತ.

ಅವನ ನಂಬರ್ ಬಂದದ್ದು ಅಖಿಲಾಳ ಕೌಂಟರಿಗೆ. ಏನು ಬೇಕೆಂದು ಅವಳು ಕೇಳಿದಳು. ಏನೂ ಬೇಡ, ಅರ್ಪಿತಾಗಾರಿಗೆ ಊಟದ ಬಿಡುವು ಎಷ್ಟು ಹೊತ್ತಿಗೆ ಎಂದು ಕೇಳಿದ. ಅಖಿಲಾ ಅವನನ್ನು ಮೇಲಿಂದ ಕೆಳಗೆ ನೋಡಿ, ಅರ್ಪಿತಾಳ ಕೆಂಪೇರಿದ ಮುಖದ ಕಡೆ ತಿರುಗಿ, ತೆಲುಗಿನಲ್ಲಿ ಗಟ್ಟಿಯಾಗಿ, ಸೀರೆ ಬಣ್ಣ ಈಗ ಗೊತ್ತಾಯಿತು ಎಂದಳು. ಕುರ್ಚಿಯ ಅಜ್ಜಿಯೂ ನಕ್ಕಳು. ಅರ್ಪಿತಾಳ ಕಿವಿಯವರೆಗೆ ಬಿಸಿಯೇರಿತು. ಅವಳು ಒಂದೇ ಫಾರ್ಮಿಗೆ ಎರಡು ಸಲ ಸೀಲು ಹೊಡೆದಳು.

ಎರಡು ಗಂಟೆಗೆ ಬ್ರಾಂಚಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಒಂದು ಮೊಳ ಜಾಗ ಬಿಟ್ಟು. ಹದಿನೈದು ನಿಮಿಷ ಇದೆ, ಬೇಗ ಹೇಳಿ ಎಂದಳು.

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. ಕೈಬರಹ, ಕನ್ನಡದಲ್ಲಿ. ಪ್ರತಿ ಅಕ್ಷರಕ್ಕೂ ತೆಲುಗಿನ ತಲೆಕಟ್ಟು ಬಂದುಬಿಟ್ಟಿತ್ತು, ಕೆಲವು ಒತ್ತಕ್ಷರಗಳನ್ನು ತಾಯಿಯ ಕೈಯಲ್ಲಿ ತಿದ್ದಿಸಿದ್ದು ಕಾಣುತ್ತಿತ್ತು. ಅವಳು ಓದಲು ಕೈ ಚಾಚಿದಾಗ ಅವನು ಕೊಡಲಿಲ್ಲ. ಬರೆದದ್ದು ಆಮೇಲೆ ಓದಿ, ಮೊದಲು ಬಾಯಲ್ಲಿ ಹೇಳಬೇಕಾದದ್ದು ಒಂದಿದೆ ಎಂದ.

"ಅವತ್ತು ಯೂನಿಟ್ ಒಂಬತ್ತು ಗಂಟೆಗೇ ಸರಿಹೋಗಿತ್ತು, ಅರ್ಪಿತಾಗಾರು. ನಾನು ಸುಳ್ಳು ಹೇಳಿದೆ. ಕಾಮೇಶ್ವರ ಅಂತ ನನ್ನ ನಂತರದ ಶಿಫ್ಟಿನವರು, ಎರಡು ಗಂಟೆ ತನಕ ನೋಡ್ಕೋ ಅಂದ್ರು. ಇಲ್ಲ ಅಂದ್ರೆ ಅವರು ಬೇಜಾರಾಗ್ತಾರೆ ಅನ್ನಿಸ್ತು. ನೀವು ಕಾಯ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಅವರಿಗೆ ಹ್ಞೂಂ ಅಂದೆ."

ಟೀ ಲೋಟ ಅವಳ ಬಾಯಿಯ ಹತ್ತಿರ ನಿಂತಿತು. ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಸಿಟ್ಟು ಕಾಲಿನಿಂದ ಮೇಲೇರುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಅದರ ಜೊತೆಗೆ ಇನ್ನೇನೋ ಕೂಡ.

"ನನ್ನ ಮಾರಿ ನೋಡಿ ಇನ್ನೊಮ್ಮೆ ಹೇಳ್ರಿ," ಎಂದಳು.

ಅವನು ನೋಡಿದ. "ನೀವು ಕಾಯ್ತೀರಿ ಅಂತ ಗೊತ್ತಿದ್ದಕ್ಕೇ ತಡ ಮಾಡಿದೆ. ಎಲ್ಲರಿಗೂ ಹೀಗೇ. ಯಾರು ಬಿಟ್ಟು ಹೋಗ್ತಾರೋ ಅವರ ಕೆಲಸ ಮೊದಲು. ಯಾರು ಹೋಗಲ್ಲ ಅಂತ ನಂಬಿಕೆ ಇದೆಯೋ ಅವರದ್ದು ಕೊನೆಗೆ. ನನ್ನ ಅಮ್ಮನದ್ದೂ ಕೊನೆಗೇ."

"ಈ ಮಾತ ನಮ್ಮಪ್ಪ ಒಂದಿನಾನೂ ಹೇಳಲಿಲ್ಲ," ಎಂದಳು ಅರ್ಪಿತಾ. ಹೇಳಿ, ಎಲ್ಲಿ ಅಳು ಬಂದೀತೋ ಎಂದು ಟೀ ಅಂಗಡಿಯ ಬಿಸ್ಕತ್ತಿನ ಭರಣಿಗಳನ್ನು ನೋಡತೊಡಗಿದಳು.

ಆಮೇಲೆ ಅವನು ತನ್ನ ಕಾಗದದ ವಿಷಯ ಹೇಳಿದ. ಹಿಂದಿನ ಪುಟವನ್ನು ತಾನು ಪ್ರವಾದಿಯ ಕಥೆ ಓದಿ ಬರೆದದ್ದಲ್ಲ, ಅಲ್ಲಿ ಇಲ್ಲಿ ನೋಡಿ ಬರೆದದ್ದು. ಈ ಹತ್ತು ದಿನದಲ್ಲಿ ಪೂರ್ತಿ ಓದಿದನಂತೆ, ಎರಡು ಸಲ. ಆ ಜನ ಪ್ರತಿ ಸಲವೂ ಬರುತ್ತೇವೆ, ಬಂದೆವು, ಇನ್ನು ತಪ್ಪುವುದಿಲ್ಲ ಅನ್ನುತ್ತಾರೆ. ಅವರ ಪ್ರೀತಿ ಬೆಳಗಿನ ಮಂಜಿನ ಹಾಗೆ, ಬಿಸಿಲು ಬಂದರೆ ಇಲ್ಲ. ಓದುತ್ತಿದ್ದರೆ ಯಾರೋ ತನ್ನ ಫೋನ್ ತೆಗೆದು ನೋಡಿ ಬರೆದಂತಿತ್ತಂತೆ.

"ನಾನು ದೇವರು, ನೀವು ಜನ ಅಂತ ಬರೆದಿದ್ದೆ. ತಲೆಕೆಳಗು. ಅಲ್ಲಿ ದೇವರು ಸುಮ್ಮನೆ ನಗ್ತಾ ಕಾಯೋದಿಲ್ಲ. ಬೈತಾನೆ. ಅಧ್ಯಾಯ ಅಧ್ಯಾಯ ಬೈತಾನೆ. ನಿಮ್ಮ ಹಾಗೇ."

"ನನಗ ಆ ಪಾತ್ರ ಬ್ಯಾಡ್ರೀ. ನಮ್ಮವ್ವನ ತಲಿ ಮ್ಯಾಲೆ ಹೊರಿಸಿದ್ದು ಸಾಕಾಗೇತಿ."

ಅವನು ಸ್ವಲ್ಪ ಯೋಚಿಸಿದ. "ಹಾಗಾದ್ರೆ ಇಬ್ಬರೂ ಜನಾನೇ ಆಗೋಣ. ಇಬ್ಬರೂ ತಪ್ಪು ಮಾಡೋರು. ಇಬ್ಬರೂ ಮದಲಗಿತ್ತಿ."

"ಅಂದ್ರ ನೀವೂ ಸೀರಿ ಉಡ್ತೀರೇನು?"

ಮಾತು ಹೊರಗೆ ಬಿದ್ದ ಮೇಲೆಯೇ, 'ನೀವೂ' ಎಂದರೆ ತಾನೂ ಉಡುವುದೆಂದೇ ಆಯಿತಲ್ಲ ಎಂದು ಅವಳಿಗೆ ಹೊಳೆದದ್ದು. ಅವನ ಕಿವಿ ಕೆಂಪಾಗತೊಡಗಿತು. ಅವಳು ಗಡಿಯಾರ ನೋಡಿದಳು, ಹದಿನೆಂಟು ನಿಮಿಷವಾಗಿತ್ತು. ಎದ್ದು, ಕಾಗದವನ್ನು ಅವನ ಕೈಯಿಂದ ಕಸಿದುಕೊಂಡು, ಐದೂವರೆಗೆ ಹೇಳುತ್ತೇನೆ ಎಂದು ರಸ್ತೆ ದಾಟಿ ಹೋದಳು. ಅಲ್ಲಿಯವರೆಗೆ ಏನು ಮಾಡಬೇಕೆಂದು ಅವನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಅವನು ಮತ್ತೆ ಒಳಗೆ ಬಂದು ಮೂರನೆಯ ಸಾಲಿನಲ್ಲಿ ಕೂತ. ಮೂರು ಗಂಟೆಗೆ ಅವನ ಫೋನ್ ಅದುರಿತು. ಗಾಜಿನ ಆಚೆಯಿಂದ ಅವಳಿಗೆ ಮಾತು ಕೇಳಿಸಲಿಲ್ಲ. ಅವನ ತಲೆ ಎರಡು ಸಲ ಇಲ್ಲವೆಂದು ಆಡಿದ್ದು ಕಾಣಿಸಿತು. ಮೂರನೆಯ ಸಲ ತಲೆ ಆಡಿಸಲು ಅವನಿಗೆ ಬಹಳ ಕಷ್ಟವಾಯಿತು, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಮುಖ ಕಿವುಚಿದ. ಆದರೂ ಆಡಿಸಿದ. ಮೂರೂವರೆಗೆ ಕೂತಲ್ಲೇ ನಿದ್ದೆ ಹೋದ. ನಿದ್ದೆಯಲ್ಲಿ ತಲೆ ಪಕ್ಕಕ್ಕೆ ವಾಲುವುದು, ಎಚ್ಚರಾಗಿ ಅವಳ ಕೌಂಟರ್ ಕಡೆ ನೋಡುವುದು, ಅವಳು ನೋಡುತ್ತಿದ್ದರೆ ನೆಟ್ಟಗೆ ಕೂರುವುದು. ಅವಳು ಎಷ್ಟು ಸಲ ನೋಡಿದಳೆಂದು ಅಖಿಲಾ ಲೆಕ್ಕ ಇಟ್ಟಿದ್ದಳು. ಹೇಳಲು ಬಂದಾಗ ಅರ್ಪಿತಾ ಅವಳನ್ನು ಕಣ್ಣಲ್ಲೇ ಕೂರಿಸಿದಳು.

ಕಾಗದವನ್ನು ಅವಳು ನಾಲ್ಕು ಗಂಟೆಗೆ ರೆಕಾರ್ಡ್ ರೂಮಿನಲ್ಲಿ ನಿಂತು ಓದಿದಳು. ಕನ್ನಡ ತಪ್ಪು ತಪ್ಪಾಗಿತ್ತು. 'ಪ್ರೀತಿ'ಯ ಒತ್ತು ಮೂರು ಕಡೆ ಮೂರು ಥರ ಇತ್ತು. ಒಂದು ಸಾಲನ್ನು ಅವಳು ಎರಡು ಸಲ ಓದಿದಳು. 'ನನ್ನ ಕ್ಷಮಿಸಿ ಅಂತ ಕೇಳುವುದಿಲ್ಲ. ಬೈಯುವುದನ್ನು ನಿಲ್ಲಿಸಬೇಡಿ ಅಂತ ಕೇಳುತ್ತೇನೆ.'

ಐದೂವರೆಗೆ ಅವರು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಶಿಫ್ಟ್ ಬಿಟ್ಟ ಜನ, ಆಟೋಗಳ ಕೂಗು, ಮಲ್ಲಿಗೆ ಮಾರುವ ಬುಟ್ಟಿ. ಅವಳೇ ಮೊದಲು ಹೇಳಿದಳು, ಬೈಯುವ ದನಿಯಲ್ಲೇ. ತಾನು ಇನ್ನು ಮುಂದೆ ಯಾರಿಗೂ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಹೊರಟುಹೋಗುತ್ತೇನೆ, ಚರ್ಚ್ ಆದರೂ ಸರಿ, ಸಿನಿಮಾ ಆದರೂ ಸರಿ. ಸುಳ್ಳು ಹೇಳಿದರೆ ಹತ್ತು ನಿಮಿಷವೂ ಇಲ್ಲ. ತಾನು ಅವ್ವನಷ್ಟು ಒಳ್ಳೆಯವಳಲ್ಲ. ಅವ್ವನೂ ಜನ ಹೇಳುವಷ್ಟು ಒಳ್ಳೆಯವಳಲ್ಲ, ದೇವರ ದಯೆಯಿಂದ.

ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. ಆಯ್ತು ಅನ್ನಲಿಲ್ಲ, ಅನ್ನಲು ಬಾಯಿ ತೆರೆದು, ಮುಚ್ಚಿಕೊಂಡದ್ದನ್ನು ಅವಳು ನೋಡಿದಳು.

"ಒಂದು ಕೇಳ್ಲಾ?" ಎಂದ. "ಆ ಪ್ರವಾದಿ ಹತ್ರ ದೇವರು ಒಂದು ಮಾತು ಹೇಳ್ತಾನೆ. ಇನ್ಮೇಲೆ ನನ್ನ ಯಜಮಾನ ಅಂತ ಕರೀಬೇಡ, ಗಂಡ ಅಂತ ಕರಿ ಅಂತ ಹೆಂಡತಿಗೆ. ದೇವರಿಗೇ ಆ ಪದ ಬೇಡ ಆಗಿದೆ. ನಿಮ್ಮ ಊರಲ್ಲಿ ಹೆಂಗಸರು ಏನಂತ ಕರೀತಾರೆ?"

"ಹೆಸರ ಹಿಡದು ಕರೆಯಂಗಿಲ್ಲ. ಏನ್ರೀ ಅಂತಾರ. ಹೊರಗಿನವರ ಮುಂದ, ನಮ್ಮ ಯಜಮಾನ್ರು."

"ನೀವು ಏನಂತೀರಿ?"

ಅವಳು ಅವನ ಕಡೆ ತಿರುಗಿದಳು. ಸಂಜೆಯ ಬಿಸಿಲು ನೇರ ಅವನ ಮುಖದ ಮೇಲಿತ್ತು, ಅವನು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ನಿದ್ದೆಗೆಟ್ಟ ಮುಖ, ಕುರ್ಚಿಯ ಗುರುತು ಬಿದ್ದ ಅಂಗಿ. ಇವನು ಇನ್ನೊಮ್ಮೆ ತಡ ಮಾಡುತ್ತಾನೆ, ಇನ್ನು ಹತ್ತು ಸಲ ಮಾಡುತ್ತಾನೆ, ನಾನು ಹತ್ತು ಸಲ ಕಿರುಚುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿರುಚಿದರೆ ಕೇಳಿಸಿಕೊಳ್ಳುವ ಮನುಷ್ಯ ಇವನು ಎಂಬುದೂ ಈಗ ಗೊತ್ತಿತ್ತು.

ಬಸ್ ಬಂತು, ತುಂಬಿಕೊಂಡು. ಅರ್ಪಿತಾ ಗುಂಪಿನಲ್ಲಿ ತೂರಿ ಫುಟ್‌ಬೋರ್ಡ್ ಹತ್ತಿ, ಕಂಬಿ ಹಿಡಿದು ತಿರುಗಿ ನೋಡಿದಳು. ಅವನು ಮೂವರು ಹೆಂಗಸರಿಗೆ, ಒಬ್ಬ ಮುದುಕನಿಗೆ, ಒಂದು ಅಕ್ಕಿಮೂಟೆಗೆ ದಾರಿ ಬಿಟ್ಟುಕೊಟ್ಟು ಕೆಳಗೇ ನಿಂತಿದ್ದ. ಕಂಡಕ್ಟರ್ ಸೀಟಿ ಊದಿದ.

"ಶಶಾಂಕ, ಬರ್ತೀಯೋ ಇಲ್ಲೋ ನೀ?"

ಅವನು ಬೆಪ್ಪಾಗಿ ನಿಂತೇ ಇದ್ದ. ಬರ್ತೀಯೋ ಅಂದದ್ದು ಯಾರಿಗೆ, ನೀ ಅಂದದ್ದು ಯಾರಿಗೆ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಬಸ್ ಅಲುಗಾಡಿ ಹೊರಟಿತ್ತು. ಅವನು ಓಡಿದ. ಅವಳು ಕಂಬಿಯಿಂದ ಒಂದು ಕೈ ಬಿಡಿಸಿ, ಬಾಯ್ತುಂಬ ಬೈಯುತ್ತಲೇ, ಅವನ ಮುಂಗೈ ಹಿಡಿದು ಮೇಲಕ್ಕೆ ಎಳೆದುಕೊಂಡಳು.